ಹಿಮಾಲಯನ್ 411 ಇಟ್ಟುಕೊಳ್ಳಲಾ, 450ಗೆ ಹೋಗಲಾ? ಮಂಡ್ಯದಿಂದ ಲಡಾಖ್, ಹಿಂದೆ ಹೆಂಡತಿ

ಕಬ್ಬಿನಗದ್ದೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ, ಇಲ್ಲಿ ಕೇಳಿಯೇ ಬಿಡುತ್ತೇನೆ. ನನ್ನ ಹತ್ತಿರ 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಇದೆ, ಬಿಎಸ್4 (ಹಳೆ ಹೊಗೆ ನಿಯಮದ) ಗಾಡಿ. 62,000 ಕಿಲೋಮೀಟರ್ ಓಡಿದೆ. ಮುಂದಿನ ಜೂನ್ ಕೊನೆಗೆ ನಾನು, ನನ್ನ ಹೆಂಡತಿ ಲಡಾಖ್‌ಗೆ ಹೋಗಬೇಕು ಅಂತ ಇದ್ದೇವೆ. ಮಂಡ್ಯದ ಮನೆ ಬಾಗಿಲಿನಿಂದಲೇ ಓಡಿಸಿಕೊಂಡು ಹೋಗುವುದು, ರೈಲಿಗೆ ಹಾಕುವುದಿಲ್ಲ. ಹಠ ಅಂದುಕೊಳ್ಳಿ.

ಈಗ ಮನಸ್ಸು ಹೊಸ 450 ಕಡೆ ಎಳೆಯುತ್ತಿದೆ. ಹಳೆಯದಕ್ಕೆ ಒಬ್ಬರು 1.15 ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಹೊಸದು ಆನ್‌ರೋಡ್ ಮೂರೂವರೆ ಲಕ್ಷ ದಾಟುತ್ತದೆ, ಅಂದರೆ ಕೈಯಿಂದ ಎರಡೂವರೆ ಹತ್ತಿರ ಹಾಕಬೇಕು. ದುಡ್ಡು ಇಲ್ಲ ಅಂತಲ್ಲ, ಆದರೆ ಸುಮ್ನೆ ಹಾಕುವ ದುಡ್ಡೂ ಅಲ್ಲ.

ಯೂಟ್ಯೂಬ್‌ನಲ್ಲಿ ನೋಡಿದರೆ 40 ಹಾರ್ಸ್‌ಪವರ್, 6 ಗೇರ್, ಲಿಕ್ವಿಡ್ ಕೂಲಿಂಗ್ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಕಾಗದದ ಮೇಲಿರುವುದು ನನಗೂ ಗೊತ್ತು. ಎರಡನ್ನೂ ಸಾವಿರಾರು ಕಿಲೋಮೀಟರ್ ಓಡಿಸಿದವರು ಯಾರಾದರೂ ಇದ್ದರೆ ಹೇಳಿ, ಹಿಂದೆ ಆಳು ಕೂರಿಸಿಕೊಂಡು, ಎರಡೂ ಕಡೆ ಬ್ಯಾಗ್ ಕಟ್ಟಿಕೊಂಡು ಹೋದಾಗ ನಿಜವಾಗಿ ಏನು ವ್ಯತ್ಯಾಸ? ನನ್ನ ಎತ್ತರ 5 ಅಡಿ 6 ಇಂಚು. ಇನ್ನೊಂದು ವಿಷಯ, ಹೋದ ವರ್ಷ ಊಟಿಯಿಂದ ಬರುವಾಗ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಹತ್ತಿರ ಹಿಂದಿನ ಚಕ್ರಕ್ಕೆ ಮೊಳೆ ಹೊಡೆದು, ಟ್ಯೂಬ್ ಟೈರ್ ಬಿಚ್ಚಿ ಹಾಕುವುದರಲ್ಲಿ ಎರಡು ಗಂಟೆ ಹೋಯಿತು. ಅಲ್ಲಿಂದ ಸ್ವಲ್ಪ ಹಿಂದೆ ಆಗಿದ್ದರೆ ಕಾಡೊಳಗೆ, ಗಾಡಿ ನಿಲ್ಲಿಸುವ ಹಾಗೂ ಇಲ್ಲ. ಆವತ್ತಿನಿಂದ ಹೆಂಡತಿಗೆ ಹಳೆ ಗಾಡಿ ಮೇಲೆ ಸ್ವಲ್ಪ ಅನುಮಾನ.

ಹುಣಸೂರು ರಸ್ತೆ, ಮೈಸೂರು

ನಾನು ಎರಡೂ ಇಟ್ಟುಕೊಂಡವನು. 2018ರ 411 ಐದು ವರ್ಷ ಓಡಿಸಿದೆ, ಈಗ 450 ಇದೆ, 21,000 ಆಗಿದೆ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ ಇದು ಹೆಸರು ಮಾತ್ರ ಒಂದೇ ಇರುವ ಬೇರೆ ಗಾಡಿ. 2016ರಲ್ಲಿ ಬಂದ 411ರದ್ದು ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ, ಎರಡು ವಾಲ್ವ್‌ನ, ಉದ್ದ ಸ್ಟ್ರೋಕ್‌ನ ಎಂಜಿನ್. 24 ಚಿಲ್ಲರೆ ಹಾರ್ಸ್‌ಪವರ್, 32 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಅದು ಪೂರ್ತಿ ಸಿಗುವುದು 4000ದಿಂದ 4500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. 2023ರ ನವೆಂಬರ್‌ನಲ್ಲಿ ಬಂದ 450ರದ್ದು 452 ಸಿಸಿ, ನಾಲ್ಕು ವಾಲ್ವ್, 8000 ಆರ್‌ಪಿಎಂನಲ್ಲಿ 40 ಹಾರ್ಸ್‌ಪವರ್, 40 ನ್ಯೂಟನ್ ಮೀಟರ್, ಆದರೆ ಅದು ಸಿಗುವುದು 5500ರಲ್ಲಿ. ಈ ಕೊನೆಯ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಮಂಡ್ಯದವರು ನೋಡಬೇಕು!

ಯಾಕೆ ಅಂದರೆ ಕಬ್ಬಿನ ಟ್ರ್ಯಾಕ್ಟರ್. ಕಟಾವಿನ ಕಾಲದಲ್ಲಿ ಎರಡು ಟ್ರೈಲರ್ ಕಟ್ಟಿಕೊಂಡು, ಕಬ್ಬು ರಸ್ತೆಗೆ ಉಜ್ಜಿಕೊಂಡು ಹೋಗುತ್ತಿರುತ್ತದಲ್ಲ, ಅದರ ಹಿಂದೆ 15–20ರಲ್ಲಿ ಹೋಗಬೇಕಾದರೆ 411 ಎರಡನೇ ಗೇರ್‌ನಲ್ಲಿ ಎತ್ತಿನ ಗಾಡಿ ಹಾಗೆ ಗುಡುಗುಡು ಅಂತ ತಾನೇ ಹೋಗುತ್ತದೆ, ಕ್ಲಚ್ ಮುಟ್ಟುವುದೇ ಬೇಡ. 450ರಲ್ಲಿ 3000 ಆರ್‌ಪಿಎಂಗಿಂತ ಕೆಳಗೆ ಹೋದರೆ ಅದು ಗೊಣಗುತ್ತದೆ, ಒಂದು ಗೇರ್ ಇಳಿಸಬೇಕು. ಅದೇ ಟ್ರ್ಯಾಕ್ಟರ್ ದಾಟಬೇಕಾದಾಗ ಮಾತ್ರ ಉಲ್ಟಾ. ಹಳೆಯದರಲ್ಲಿ ಎದುರು ಬಸ್ಸು ಎಷ್ಟು ದೂರ ಇದೆ ಅಂತ ಲೆಕ್ಕ ಹಾಕಿ, ದೇವರನ್ನು ನೆನೆದು ದಾಟುತ್ತಿದ್ದೆ. ಹೊಸದರಲ್ಲಿ ಆಕ್ಸಿಲೇಟರ್ ತಿರುವಿದರೆ ಆಯಿತು.

ಹೈವೇ ವಿಷಯಕ್ಕೆ ಬಂದರೆ 411 ಎಂಬತ್ತೈದು–ತೊಂಬತ್ತರ ಗಾಡಿ. ನೂರು ದಾಟಿದರೆ ಕೈಗೆ, ಕಾಲಿಗೆ ಜುಮ್ಮು ಹತ್ತುತ್ತದೆ, ಹಿಂದೆ ಆಳು ಇದ್ದರೆ ಅದೂ ಕಷ್ಟ. 450 ಇಬ್ಬರನ್ನು ಕೂರಿಸಿಕೊಂಡು 105–110ರಲ್ಲಿ ದಿನವಿಡೀ ಹೋಗುತ್ತದೆ. 600 ಕಿಲೋಮೀಟರ್ ದಿನದಲ್ಲಿ ಒಂದು ಗಂಟೆಗಿಂತ ಜಾಸ್ತಿ ಉಳಿಯುತ್ತದೆ, ಅದಕ್ಕಿಂತ ಮುಖ್ಯ ಅಂದರೆ ಸಂಜೆ ಇಳಿದಾಗ ಮೈಯಲ್ಲಿ ಜೀವ ಇರುತ್ತದೆ.

ತೂಕ ಹೆದರಿಸುವಂಥದ್ದಲ್ಲ, 450 ಪೆಟ್ರೋಲ್ ಸಮೇತ 196 ಕೆಜಿ. ಕೊನೆಯ ಬಿಎಸ್6 411 ಇದಕ್ಕಿಂತ ಜಾಸ್ತಿ, 199 ಇತ್ತು. ಟ್ಯಾಂಕ್ 15ರಿಂದ 17 ಲೀಟರ್ ಆಗಿದೆ. ಹಿಂದಿನ ಸಸ್ಪೆನ್ಷನ್ ಟ್ರಾವೆಲ್ (ಮೇಲೆ ಕೆಳಗೆ ಆಡುವ ದೂರ) 180ರಿಂದ 200 ಮಿಲಿಮೀಟರ್‌ಗೆ ಹೋಗಿದೆ. ಬ್ರೇಕ್ ನಿಜವಾಗಿ ಒಳ್ಳೆಯದು, 411ರ ಮುಂದಿನ ಬ್ರೇಕ್ ಹಿಡಿದರೆ ಅರ್ಜಿ ಕೊಟ್ಟ ಹಾಗೆ ಇತ್ತು, ಮಂಜೂರಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಇನ್ನು ರೌಂಡ್ ಡಿಸ್ಪ್ಲೇನಲ್ಲಿ ಗೂಗಲ್ ಮ್ಯಾಪ್ ಬರುತ್ತದೆ, ಚೆನ್ನಾಗಿದೆ, ಆದರೆ ಫೋನ್ ಬ್ಯಾಟರಿ ಬೇಗ ಕುಡಿಯುತ್ತದೆ. ಹ್ಯಾಂಡಲ್ ಹತ್ತಿರದ ಟೈಪ್-ಸಿಗೆ ಚುಚ್ಚಿಕೊಂಡೇ ಇರಬೇಕು.

ಪಂಕ್ಚರ್ ಬಗ್ಗೆ: 450ಗೆ 2024ರಿಂದ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಸಿಗುತ್ತದೆ, ಸ್ವಲ್ಪ ಜಾಸ್ತಿ ದುಡ್ಡು. ತೆಗೆದುಕೊಳ್ಳುವುದಾದರೆ ಅದನ್ನೇ ತೆಗೆದುಕೊಳ್ಳಿ. ಮೊಳೆ ಕಿತ್ತು, ಪ್ಲಗ್ ತುರುಕಿ, ಗಾಳಿ ಹೊಡೆದರೆ ಹತ್ತು ನಿಮಿಷ.

ಪಂಪ್‌ಸೆಟ್, ಪಾಂಡವಪುರ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ 110ರಲ್ಲಿ ಹೋಗುತ್ತದೆ ಅಂತೀರಲ್ಲ, ಎಲ್ಲಿ ಹೋಗುವುದು ಸ್ವಾಮಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಕಡೆಯೇ ಹಾದು ಹೋಗಿದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ, ಆಗಸ್ಟ್ 1ರಿಂದ ಬೈಕಿಗೆ ಮೇನ್ ರಸ್ತೆಯಲ್ಲಿ ಪ್ರವೇಶವೇ ಇಲ್ಲ. ಎರಡು ಲಕ್ಷದ್ದೇ ಆಗಲಿ ಇಪ್ಪತ್ತು ಲಕ್ಷದ್ದೇ ಆಗಲಿ, ನಾವು ಸರ್ವಿಸ್ ರಸ್ತೆ. ಆ ಸರ್ವಿಸ್ ರಸ್ತೆಯಲ್ಲಿ ಎದುರಿಗೆ ಹಸು, ಒನ್‌ವೇಯಲ್ಲಿ ಬರುವ ಗೂಡ್ಸ್ ಆಟೋ, ಮಳೆ ಬಂದರೆ ಅಂಡರ್‌ಪಾಸ್‌ನಲ್ಲಿ ನೀರು. ಅಲ್ಲಿ 60 ಹೋದರೆ ಪುಣ್ಯ. ನಿಮ್ಮ 40 ಹಾರ್ಸ್‌ಪವರ್‌ನಲ್ಲಿ 25 ಮನೆಯಲ್ಲೇ ಬಿಟ್ಟು ಹೋಗಬಹುದು.

ವರ್ಷದಲ್ಲಿ ನಿಮ್ಮ ಓಡಾಟ ಎಷ್ಟು, ಎಲ್ಲಿ? ಮೇಲುಕೋಟೆ, ಮುತ್ತತ್ತಿ, ಬಿಳಿಗಿರಿರಂಗನ ಬೆಟ್ಟ, ಜಾಸ್ತಿ ಅಂದರೆ ಮಡಿಕೇರಿ. ಇದಕ್ಕೆ 411 ಬೇಕಾದಷ್ಟಾಯಿತು.

ನನ್ನ ಭಾವಮೈದುನ ಗ್ಯಾರೇಜ್ ಇಟ್ಟಿದ್ದಾನೆ, ನಾನೂ ಅಲ್ಲೇ ಕೂತಿರುತ್ತೇನೆ. 411ರಲ್ಲಿ ಟ್ಯಾಪೆಟ್ (ವಾಲ್ವ್ ಸಂದು) ಸೆಟ್ ಮಾಡುವುದು ಸ್ಪ್ಯಾನರ್, ಫೀಲರ್ ಗೇಜ್ ಇದ್ದರೆ ಬೇವಿನ ಮರದ ಕೆಳಗೂ ಆಗುತ್ತದೆ. ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ, ಕೂಲಂಟ್ ಹೋಸ್ ಇಲ್ಲ. 450 ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಕೈಗೆ ಎಣ್ಣೆ ಹಚ್ಚಿಕೊಳ್ಳುವವರಿಗೆ ಹಳೆಯದು ಸುಲಭ ಅಂತ ಅಷ್ಟೇ. ಸ್ಪೇರ್ ಸಿಗಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅದೇ ಎಂಜಿನ್ ಕುಟುಂಬವನ್ನೇ ಬೋರ್ ದೊಡ್ಡದು ಮಾಡಿ, 443 ಸಿಸಿ, 6 ಗೇರ್ ಹಾಕಿ 2025ರಲ್ಲಿ ಸ್ಕ್ರಾಮ್ 440 ಅಂತ ಬಿಟ್ಟಿದ್ದಾರೆ. ಹಳೆ ಗುಡುಗುಡುನೂ ಬೇಕು, ಆರನೇ ಗೇರೂ ಬೇಕು ಅನ್ನುವವರು ಅದನ್ನು ಒಮ್ಮೆ ನೋಡಬಹುದು. ಮುಂದಿನ ಚಕ್ರ ಮಾತ್ರ 21 ಅಲ್ಲ, 19 ಇಂಚು.

ಇನ್ನು ಟ್ಯಾಕ್ಸ್. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್. ಮೊದಲು ಸೆಸ್ ಸೇರಿ 31 ಇತ್ತು. ತೆಗೆದುಕೊಳ್ಳುವುದಾಗಿದ್ದರೆ ಅದಕ್ಕೂ ಮುಂಚೆ ತೆಗೆದುಕೊಳ್ಳಬೇಕಿತ್ತು, ಅಲ್ವಾ?

ಹುಣಸೂರು ರಸ್ತೆ, ಮೈಸೂರು

ಪಂಪ್‌ಸೆಟ್ ಅವರೇ, ಸರ್ವಿಸ್ ರಸ್ತೆ ಮಾತು ಒಪ್ಪಿದೆ. ಆದರೆ ಇವರು ಹೋಗುತ್ತಿರುವುದು ಮುತ್ತತ್ತಿಗಲ್ಲ, ಲಡಾಖ್‌ಗೆ. ಬೆಂಗಳೂರು ದಾಟಿದ ಮೇಲೆ ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ಅಂತ ಎನ್‌ಎಚ್ 44 ಪೂರ್ತಿ ಬೈಕಿಗೆ ತೆರೆದಿದೆ. ಮಂಡ್ಯದಿಂದ ದೆಹಲಿ ಅಂದಾಜು 2,300 ಕಿಲೋಮೀಟರ್. ದೆಹಲಿಯಿಂದ ಮನಾಲಿ ಮೇಲೆ ಲೇಹ್ ಸಾವಿರದ ಹತ್ತಿರ. ಅಂದರೆ ಹೋಗಿ ಬರುವ ದಾರಿಯಲ್ಲಿ ಮೂರರಲ್ಲಿ ಎರಡು ಪಾಲು ಬರೀ ಬಯಲು, ನೇರ ಹೈವೇ, ಜೂನ್ ಬಿಸಿಲು.

ಇಲ್ಲೇ ಜನ ತಪ್ಪು ಲೆಕ್ಕ ಹಾಕುವುದು. ಬೆಟ್ಟಕ್ಕೆ ಹೊಸ ಗಾಡಿ ಬೇಕು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಬೆಟ್ಟದಲ್ಲಿ 411ಗೆ ಅಂಥ ಕಷ್ಟವೇನಿಲ್ಲ. ಲೇಹ್ ಹತ್ತಿರದ ಖರ್ದುಂಗ್ ಲಾ ಘಾಟಿ 5,359 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಹೆಚ್ಚುಕಡಿಮೆ ಅರ್ಧ, ಎಂಜಿನ್‌ಗೆ ಉಸಿರಾಡಲು ಸಿಗುವುದೂ ಅರ್ಧ. 24 ಇದ್ದದ್ದು 12–13 ಆಗುತ್ತದೆ, 40 ಇದ್ದದ್ದು 20 ಆಗುತ್ತದೆ. ಎರಡೂ ಫ್ಯುಯಲ್ ಇಂಜೆಕ್ಷನ್ ಆದ್ದರಿಂದ ಪೆಟ್ರೋಲ್ ಅಳತೆಯನ್ನು ತಾವೇ ಸರಿ ಮಾಡಿಕೊಳ್ಳುತ್ತವೆ, ಹಳೆ ಕಾರ್ಬ್ಯುರೇಟರ್ ಹಾಗೆ ಕಪ್ಪು ಹೊಗೆ ಬಿಡುವುದಿಲ್ಲ. ಆ ದಾರಿಯಲ್ಲಿ ಹೋಗುವುದೇ 25–30 ಸ್ಪೀಡ್. ಎರಡನೇ ಗೇರ್, ಕಲ್ಲು, ನೀರು, ಕೆಸರು. ಅಲ್ಲಿ 411ರ ಗುಡುಗುಡು ಸಾಕು. ಇಬ್ಬರು, ಲಗೇಜು ಇದ್ದಾಗ ಒಂದೆರಡು ತಿರುವಿನಲ್ಲಿ ಒಂದನೇ ಗೇರ್‌ಗೆ ಬಂದು ಕ್ಲಚ್ ಆಡಿಸಬೇಕಾಗುತ್ತದೆ, ಅಷ್ಟೇ.

ಹೊಸದರ ಸುಖ ಪೂರ್ತಿ ಇರುವುದು ನಾಗಪುರದ ಬಿಸಿಲಲ್ಲಿ. ಹಾಗಾಗಿ ಕಬ್ಬಿನಗದ್ದೆ ಅವರೇ, ಬೇಸರ ಮಾಡಿಕೊಳ್ಳಬೇಡಿ, ರೈಲಿಗೆ ಹಾಕುವುದಿಲ್ಲ ಅನ್ನುವ ನಿಮ್ಮ ಹಠದ ಬೆಲೆ ಎರಡೂವರೆ ಲಕ್ಷ. ಗಾಡಿ ದೆಹಲಿಯಲ್ಲಿ ಇಳಿದರೆ ನಿಮಗೆ ಹೊಸ ಗಾಡಿ ಬೇಕಾಗಿಯೇ ಇಲ್ಲ.

ಕುಕ್ಕರಹಳ್ಳಿ ಕೆರೆ ಏರಿ, ಮೈಸೂರು

ನಾನು 5 ಅಡಿ 2 ಇಂಚು, 450 ನನ್ನದೇ. ಎತ್ತರದ ಬಗ್ಗೆ ಗಂಡಸರು ಬರೆಯುವುದನ್ನು ನೋಡಿದರೆ ನಗು ಬರುತ್ತದೆ. ಹಳೆಯದರ ಸೀಟು 800 ಮಿಲಿಮೀಟರ್, ಹೊಸದು 825, ಮೇಲಕ್ಕೆ ಹಾಕಿದರೆ 845. ಲೋ ಸೀಟ್ ತೆಗೆದುಕೊಂಡರೆ 805ಕ್ಕೆ ಬರುತ್ತದೆ. ಹೊಸದರಲ್ಲಿ ಸೀಟಿನ ಮುಂಭಾಗ ಕಿರಿದಾಗಿದೆ, ಕಾಲು ನೇರ ಕೆಳಗೆ ಇಳಿಯುತ್ತದೆ. ಮಿಲಿಮೀಟರ್ ನೋಡಬೇಡಿ, ಷೂ ಹಾಕಿಕೊಂಡು ಕೂತು ನೋಡಿ. 5 ಅಡಿ 6ಕ್ಕೆ ಚಿಂತೆಯೇ ಬೇಡ.

ಚಿಂತೆ ಬೇಕಾದ್ದು ಬೇರೆ. ಹಿಂದೆ ಆಳು ಕೂತಾಗ, ಎರಡು ಬ್ಯಾಗ್ ಇದ್ದಾಗ, ಜಲ್ಲಿ ಮೇಲೆ ನಿಲ್ಲಿಸಿ ಕಾಲು ಊರಬೇಕು. ಆ ಒಂದು ಕ್ಷಣದಲ್ಲಿ ಗಾಡಿ ಮಲಗುವುದು. ನಾನು ಒಮ್ಮೆ ಚಾಮುಂಡಿ ಬೆಟ್ಟದ ನಂದಿ ಹತ್ತಿರವೇ ಮಲಗಿಸಿದ್ದೇನೆ, ಸ್ಪೀಡು ಸೊನ್ನೆ, ನೋಡುವ ಜನ ನೂರು. ಹೆಂಡತಿಯನ್ನು ಕೂರಿಸಿ ಪ್ರಾಕ್ಟೀಸ್ ಮಾಡಿ, ಅವರು ಹತ್ತುವ ಮೊದಲು ಹೇಳಿ ಹತ್ತಬೇಕು, ಇಳಿಯುವ ಮೊದಲು ಹೇಳಿ ಇಳಿಯಬೇಕು. ಇದನ್ನು ಯಾವ ಯೂಟ್ಯೂಬಿನವರೂ ಹೇಳಲ್ಲ.

ನಿಮ್ಮ ಹಳೆ ಗಾಡಿಯ ಸ್ಯಾಡಲ್ ಸ್ಟೇ (ಬ್ಯಾಗ್ ಕಟ್ಟುವ ಕಂಬಿ), ಕ್ರ್ಯಾಶ್ ಗಾರ್ಡ್ ಯಾವುದೂ ಹೊಸದಕ್ಕೆ ಕೂರುವುದಿಲ್ಲ, ಫ್ರೇಮೇ ಬೇರೆ. ಆ ಖರ್ಚೂ ಸೇರಿಸಿಕೊಳ್ಳಿ. ಮತ್ತೆ ಒಂದು ಪ್ರಶ್ನೆ: ಇಷ್ಟೆಲ್ಲ ಮಾತಾಡುತ್ತಿದ್ದೀರಿ, ಹಿಂದೆ ಕೂರುವವರನ್ನು ಕೇಳಿದಿರಾ?

ಯಾದವಗಿರಿ ಜಾವಾ

ಕೊನೆಯ ಸಾಲು ನೂರಕ್ಕೆ ನೂರು ಸರಿ.

ನಮ್ಮ ತಂದೆ ಇಲ್ಲೇ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿದ್ದರು. 1961ರಲ್ಲಿ ಗಾಡಿ ಹೊರಬರಲು ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು, ಅಷ್ಟೂ ಕಾಲ ಮೈಸೂರಿನಲ್ಲಿ ಹಳೇದಾ ಹೊಸದಾ ಅನ್ನುವ ಜಗಳ ನಡೆಯುತ್ತಲೇ ಇತ್ತು. ಅದೇ ಫ್ಯಾಕ್ಟರಿಯಿಂದ ಯೆಜ್ಡಿ ರೋಡ್‌ಕಿಂಗ್ ಬಂದಾಗ ಹಳೆ ಜಾವಾದವರು ಅದನ್ನು ಗಾಡಿ ಅಂತಲೇ ಒಪ್ಪಲಿಲ್ಲ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ ಆಗುವ ಗಾಡಿ ಓಡಿಸಿದವರಿಗೆ ಈ ಟಿಎಫ್‌ಟಿ ಸ್ಕ್ರೀನ್, ರೈಡಿಂಗ್ ಮೋಡ್ ಎಲ್ಲ ಮದುವೆ ಮನೆ ಸೀರಿಯಲ್ ಲೈಟ್ ಥರ ಕಾಣುತ್ತದೆ. ನನಗೆ ಹಾಗೇನಿಲ್ಲ, ಮಗನ 450 ಓಡಿಸಿದ್ದೇನೆ, ಗುಂಡ್ಲುಪೇಟೆ ತನಕ. ಸೊಗಸಾದ ಗಾಡಿ. ಇಳಿದ ಮೇಲೆ ಏನು ಓಡಿಸಿದೆ ಅಂತ ನೆನಪಿರಲಿಲ್ಲ, ಅದೊಂದೇ ದೂರು. ಅದು ಗಾಡಿಯ ತಪ್ಪೂ ಅಲ್ಲ ಬಿಡಿ.

ರೋಡ್‌ಕಿಂಗ್‌ನಲ್ಲಿ ನಾನು, ನಮ್ಮ ಮನೆಯವರು, ಮಧ್ಯೆ ಮೂರು ವರ್ಷದ ಮಗ, ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಂಡು ಊಟಿಗೆ ಹೋಗಿದ್ದೇವೆ. ಸಂತೋಷವಾಗಿತ್ತು ಅಂತ ನಾನು ಮೂವತ್ತು ವರ್ಷ ಹೇಳಿಕೊಂಡು ಬಂದೆ. ಹೋದ ದೀಪಾವಳಿಯಲ್ಲಿ ಎಲ್ಲರ ಮುಂದೆ ಮನೆಯವರು ಹೇಳಿದರು, ಆವತ್ತು ಬಂಡೀಪುರದಿಂದ ಸೊಂಟ ಹಿಡಿದಿತ್ತು, ನೀವು ಬೇಜಾರು ಮಾಡಿಕೊಳ್ಳುತ್ತೀರ ಅಂತ ಸುಮ್ಮನಿದ್ದೆ ಅಂತ. ಆದ್ದರಿಂದ ಮೊದಲು ಕೇಳಿ.

ಕಬ್ಬಿನಗದ್ದೆ, ಮಂಡ್ಯ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಹುಣಸೂರು ರಸ್ತೆ ಅವರು ದೊಡ್ಡ ಮನಸ್ಸು ಮಾಡಿ ಭಾನುವಾರ ತಮ್ಮ 450 ತಂದಿದ್ದರು. ಶ್ರೀರಂಗಪಟ್ಟಣದಲ್ಲಿ ಸೇರಿ, ಪಾಂಡವಪುರ ಮೇಲೆ ಮೇಲುಕೋಟೆಗೆ ಹೋಗಿ ಬಂದೆವು. ಹೋಗುವಾಗ ನಾವಿಬ್ಬರೂ ಅವರ ಗಾಡಿ, ಬರುವಾಗ ನಮ್ಮದು.

ಒಪ್ಪಿಕೊಳ್ಳುತ್ತೇನೆ, ಮೇಲುಕೋಟೆ ಏರಿನಲ್ಲಿ 450 ಹತ್ತಿದ ರೀತಿ ನೋಡಿ ನನ್ನ ಗಾಡಿ ಬಗ್ಗೆ ಒಂದು ಥರಾ ಪಾಪ ಅನ್ನಿಸಿತು. ಬ್ರೇಕು, ಗುಂಡಿ ನುಂಗುವ ರೀತಿ, ತಿರುವಿನಲ್ಲಿ ವಾಲುವುದು, ಎಲ್ಲದರಲ್ಲೂ ಹೊಸದು ಮೇಲೆ. ಆದರೆ ಬರುವಾಗ ನನ್ನದರ ಮೇಲೆ ಕೂತು ಮೂರನೇ ಗೇರ್ ಹಾಕಿ ಬಿಟ್ಟಾಗ ಭುಜ ತಾನಾಗಿ ಇಳಿಯಿತು. ಇದನ್ನು ಹೇಗೆ ಬರೆಯಬೇಕು ಗೊತ್ತಾಗುತ್ತಿಲ್ಲ.

ಆಮೇಲೆ ಹೆಂಡತಿಯನ್ನು ಕೇಳಿದೆ. ಯಾವುದು ಇಷ್ಟ ಆಯಿತು ಅಂತ. ಅವಳು ಗಾಡಿ ಬಗ್ಗೆ ಮಾತೇ ಎತ್ತಲಿಲ್ಲ. "ದೆಹಲಿವರೆಗೂ ನಾಲ್ಕೈದು ದಿನ ಬಿಸಿಲಲ್ಲಿ ಕೂತು ಬರ್ತೀನಿ ಅಂತ ನಾನು ಯಾವಾಗ ಹೇಳಿದ್ದೆ? ಬೆಟ್ಟ ನೋಡೋಕೆ ಬರ್ತೀನಿ ಅಂದೆ. ಹಠ ನಿಮ್ದು" ಅಂದಳು. ಎರಡು ವರ್ಷದಿಂದ ಪ್ಲಾನ್ ಮಾಡುತ್ತಿದ್ದೇನೆ, ಇದನ್ನು ಕೇಳುವುದೇ ಮರೆತಿದ್ದೆ.

ಸರಿ, ಈಗ ಲೆಕ್ಕ ಬದಲಾಯಿತು. ಮೈಸೂರಿನಿಂದ ದೆಹಲಿಯ ನಿಜಾಮುದ್ದೀನ್‌ಗೆ ವಾರಕ್ಕೊಮ್ಮೆ ಸ್ವರ್ಣ ಜಯಂತಿ ರೈಲು ಇದೆ, ಗಾಡಿ ಪಾರ್ಸಲ್, ನಾವಿಬ್ಬರೂ ಸೀಟಿನಲ್ಲಿ. ಅಲ್ಲಿಂದ ಮನಾಲಿ, ಅಟಲ್ ಸುರಂಗ, ಲೇಹ್. 411 ಮಾರುವುದಿಲ್ಲ. ಫೋರ್ಕ್ ಆಯಿಲ್, ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಎರಡೂ ಟೈರು, ಎರಡು ಸ್ಪೇರ್ ಟ್ಯೂಬು, ಹಿಂದಿನ ಸೀಟಿಗೆ ಒಳ್ಳೆ ಫೋಮ್. ಎಲ್ಲ ಸೇರಿ ಮೂವತ್ತು ಸಾವಿರದೊಳಗೆ ಮುಗಿಯುತ್ತದೆ ಅಂತ ಅಂದಾಜು. ಪಂಪ್‌ಸೆಟ್ ಅವರ ಭಾವಮೈದುನನ ಹತ್ತಿರ ಟ್ಯೂಬ್ ಬದಲಾಯಿಸುವುದನ್ನು ಕಲಿಯಲು ಒಂದು ಶನಿವಾರ ಬರುತ್ತೇನೆ, ಈ ಸಲ ಎರಡು ಗಂಟೆ ಆಗಬಾರದು.

ಯಾರಾದರೂ ಮೈಸೂರು ಸ್ಟೇಷನ್‌ನಲ್ಲಿ ಬೈಕ್ ಪಾರ್ಸಲ್ ಮಾಡಿದ್ದೀರಾ? ಆರ್‌ಸಿ, ಆಧಾರ್ ಕಾಪಿ ಬೇಕು ಅಂತ ಗೊತ್ತು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕಂತೆ, ಅದನ್ನು ಅಲ್ಲೇ ಮಾಡಬಹುದಾ, ಮನೆಯಲ್ಲೇ ಮಾಡಿ ತಳ್ಳಿಕೊಂಡು ಬರಬೇಕಾ?

ಪಂಪ್‌ಸೆಟ್, ಪಾಂಡವಪುರ

ಮಂಡ್ಯದಿಂದ ಮೈಸೂರಿಗೆ ತಳ್ಳಿಕೊಂಡು ಬಂದರೆ ಸರ್ವಿಸ್ ರಸ್ತೆಯಲ್ಲಿ ಅದೇ ಫಾಸ್ಟು. ತಮಾಷೆಗೆ ಅಂದೆ. ಸ್ಟೇಷನ್‌ವರೆಗೆ ಓಡಿಸಿಕೊಂಡು ಹೋಗಿ, ಒಂದೆರಡು ಲೀಟರ್ ಮಾತ್ರ ಉಳಿಯುವ ಹಾಗೆ ಲೆಕ್ಕ ಹಾಕಿಕೊಳ್ಳಿ. ಕನ್ನಡಿ, ವಿಂಡ್‌ಸ್ಕ್ರೀನ್ ಬಿಚ್ಚಿ ನಿಮ್ಮ ಬ್ಯಾಗಲ್ಲೇ ಇಟ್ಟುಕೊಳ್ಳಿ. ಪ್ಯಾಕಿಂಗ್‌ಗೆ ಹಳೆ ಗೋಣಿಚೀಲ ನಾನು ಕೊಡುತ್ತೇನೆ. ಶನಿವಾರ ಬನ್ನಿ.

ಯಾದವಗಿರಿ ಜಾವಾ

ಸ್ಟೇಷನ್ ನಮ್ಮ ಮನೆಯಿಂದ ಹತ್ತು ನಿಮಿಷ. ಬರುವ ಹಿಂದಿನ ದಿನ ಇಲ್ಲಿ ಒಂದು ಸಾಲು ಹಾಕಿ, ಕ್ಯಾನ್ ತೆಗೆದುಕೊಂಡು ಬರುತ್ತೇನೆ. ಪೆಟ್ರೋಲ್ ಮಾತ್ರ ಚೆಲ್ಲಬೇಡಿ. ಎಣ್ಣೆ ನಾನು ಬೆರೆಸಿಕೊಳ್ಳುತ್ತೇನೆ.